ಏಳನೇ ನಂಬರಿಗೆ ಬಿದ್ದ ಅಂಕ

ಅವಳಿಗೆ ಕಿವಿಯಮ್ಮ ಎಂದು ಹೆಸರಿಟ್ಟವನು ನಾನೇ. ನಮ್ಮ ಸಂಸ್ಥೆಯಲ್ಲಿ ಬಾಯಿಗೆ ಕೆಲಸ ಇದ್ದವರು ಬೇಕಾದಷ್ಟು ಜನ, ಕಿವಿಗೆ ಕೆಲಸ ಇದ್ದವಳು ಅವಳೊಬ್ಬಳೇ. ಜನರ ಮನಸ್ಸು ಅಳೆಯುವ ಸಂಸ್ಥೆ ನಮ್ಮದು. ಒಳಕೋಣೆಯಲ್ಲಿ ಯಾರೋ ಕೂತು ತಮ್ಮ ಪಾಡು ಹೇಳಿಕೊಳ್ಳುತ್ತಾರೆ, ರೆಕಾರ್ಡರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಕಿವಿಯಮ್ಮ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಕೇಳಿ ಟೈಪ್ ಮಾಡುತ್ತಾಳೆ. ಮೇಜಿನ ಕೆಳಗೆ ಒಂದು ಪೆಡಲು. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ತಟ್ಟಿದರೆ ನಾಲ್ಕು ಮಾತು ಹಿಂದಕ್ಕೆ ಹೋಗುತ್ತದೆ. ನಾನು ಪಕ್ಕದ ದಾಖಲೆ ಕೋಣೆಯವನು. ಅವಳು ಟೈಪ್ ಮಾಡಿದ್ದನ್ನು ಫೈಲಿಗೆ ಸೇರಿಸಿ ಕಪಾಟು ತುಂಬಿಸುವುದು ನನ್ನ ಕೆಲಸ. ನಮ್ಮಿಬ್ಬರ ನಡುವೆ ಇದ್ದದ್ದು ಎದೆಮಟ್ಟದ ಹಲಗೆಯ ಗೋಡೆ. ಹದಿನಾಲ್ಕು ವರ್ಷ ಅದರ ಮೇಲಿಂದಲೇ ಮಾತಾಡಿಕೊಂಡು ಬಂದೆವು.

ಕೆಲಸದಲ್ಲಿ ಅವಳು ಬಲು ಖಡಕ್ಕು. ಕೆಮ್ಮಿದರೆ ಕೆಮ್ಮು ಅಂತ ಬರೆಯುತ್ತಿದ್ದಳು, ಕುರ್ಚಿ ಕಿರ್ ಅಂದರೆ ಅದೂ ಬರುತ್ತಿತ್ತು. ಮಾತಾಡುತ್ತಿದ್ದವರು ಸುಮ್ಮನಾದರೆ ಎಷ್ಟು ಸೆಕೆಂಡು ಎಂದು ಎಣಿಸಿ ಹಾಕುತ್ತಿದ್ದಳು. ಒಮ್ಮೆ ‘ನಗು, ಸಂತೋಷದ್ದಲ್ಲ’ ಎಂದು ಬರೆದು ದೊಡ್ಡವರ ಕೈಲಿ ಬೈಸಿಕೊಂಡಿದ್ದಳು. ದೊಡ್ಡವರು ಅಂದರೆ ಸಂಸ್ಥೆಯ ಮುಖ್ಯಸ್ಥರು. ಅವರ ಎತ್ತರ ನನ್ನ ಭುಜಕ್ಕೆ ಬರುತ್ತಿತ್ತು, ಆದರೂ ದೊಡ್ಡವರೇ. ‘ಸಂತೋಷದ್ದೋ ಅಲ್ಲವೋ ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ ಕಣಮ್ಮ, ನೀವು ನಗು ಅಂತ ಮಾತ್ರ ಹಾಕಿ’ ಅಂದಿದ್ದರು.

ಆರು ವರ್ಷದಿಂದ ನಮ್ಮಲ್ಲಿ ನಡೆಯುತ್ತಿದ್ದದ್ದು ಕಾರ್ಖಾನೆಗಳ ಅಧ್ಯಯನ. ಎಲ್ಲಾದರೂ ಯಂತ್ರದಲ್ಲಿ ಯಾರದಾದರೂ ಕೈ ಸಿಕ್ಕಿತೆನ್ನಿ, ಆ ಶೆಡ್ಡಿನ ಅಷ್ಟೂ ಜನರನ್ನು ಯಂತ್ರದಿಂದ ಇಳಿಸಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ಆಘಾತದಿಂದ ಇವರ ಮನಸ್ಸು ಅಲುಗಾಡಿದೆಯೋ, ಮತ್ತೆ ಯಂತ್ರದ ಮುಂದೆ ನಿಲ್ಲಿಸಬಹುದೋ ಎಂದು ನಾವು ಹೇಳಬೇಕು. ಕೈ ಸಿಕ್ಕಿಸಿಕೊಳ್ಳುವ ಯಂತ್ರವನ್ನು ಯಾರೂ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇರಲಿ, ಅದು ನನ್ನ ಕೋಣೆಯ ವಿಷಯವಲ್ಲ.

ಕ್ರಮ ಹೀಗಿತ್ತು. ಮಾತಾಡಿದವರ ಹೆಸರು ತೆಗೆದು ನಂಬರು ಕೊಡಬೇಕು. ಗುರುತು ಹತ್ತುವ ಮಾತೆಲ್ಲ ಹೋಗಬೇಕು. ಗಂಡ ಎಂದಿದ್ದರೂ ಹೆಂಡತಿ ಎಂದಿದ್ದರೂ ‘ಮನೆಯವರು’ ಎಂದೇ ಟೈಪ್ ಮಾಡಬೇಕು. ಹೆಸರಿನ ಪುಸ್ತಕ ಕಿವಿಯಮ್ಮನ ಡ್ರಾಯರಿನಲ್ಲಿ ಬೀಗ ಹಾಕಿ ಇರುತ್ತಿತ್ತು. ಇಷ್ಟೆಲ್ಲ ಮುಚ್ಚಿಟ್ಟ ಮೇಲೆ, ಪ್ರತಿ ಕಟ್ಟಿನ ಮೊದಲ ಹಾಳೆಯ ಮೂಲೆಗೆ ರಬ್ಬರ್ ಮುದ್ರೆ ಒತ್ತಬೇಕಿತ್ತು, ‘ಗಂ’ ಅಥವಾ ‘ಹೆಂ’. ಮುಖಕ್ಕೆ ಮುಸುಕು ಹಾಕಿ ಹಣೆ ಮೇಲೆ ಹೆಸರು ಬರೆದ ಹಾಗೆ. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಹಿನ್ನೆಲೆ ಗೊತ್ತಿಲ್ಲದೆ ಅಂಕ ಹಾಕಿದರೆ ಅದು ವಿಜ್ಞಾನ ಆಗುವುದಿಲ್ಲ ಎಂದು ಉತ್ತರ ಬಂತು.

ಅಂಕ ಹಾಕುವವರು ಮೂವರು, ಮಹಡಿಯಲ್ಲಿ ಕೂರುತ್ತಿದ್ದರು. ಇಬ್ಬರು ಗಂಡಸರು, ಒಬ್ಬರು ಹೆಂಗಸು. ಹಾಳೆಗಳನ್ನು ಓದಿ, ಮೂವರೂ ಮಾತಾಡಿಕೊಂಡು, ಹತ್ತಕ್ಕೆ ಇಷ್ಟು ಎಂದು ಹಾಕಿ ಕೆಳಗೆ ನಾಲ್ಕು ಮಾತು ಬರೆಯುತ್ತಿದ್ದರು. ಆರು ಬಂದರೆ ಯಂತ್ರಕ್ಕೆ ವಾಪಸು. ಆರು ಬರದಿದ್ದರೆ ಮುಂದಿನ ಆದೇಶದವರೆಗೆ ಬೇರೆ ಕೆಲಸ. ಆ ಮುಂದಿನ ಆದೇಶ ಬಂದದ್ದನ್ನು ನನ್ನ ಕಪಾಟಂತೂ ಕಂಡಿಲ್ಲ. ಆರು ವರ್ಷದಲ್ಲಿ ಗಂಡಸರು ಹೆಚ್ಚುಕಡಿಮೆ ಎಲ್ಲ ವಾಪಸು ಹೋದರು, ಹೆಂಗಸರು ಹೆಚ್ಚುಕಡಿಮೆ ಎಲ್ಲ ಉಳಿದರು. ದೊಡ್ಡವರು ಅದರ ಮೇಲೆ ಎರಡು ಪ್ರಬಂಧ ಬರೆದರು. ನಾನೂ ಅವನ್ನು ಫೈಲಿಗೆ ಹಾಕುತ್ತ, ಇರಬಹುದು, ಹೆಂಗಸರ ಮನಸ್ಸು ಸ್ವಲ್ಪ ಮೆದು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದನ್ನು ಈಗ ಮುಚ್ಚಿಡುವುದಿಲ್ಲ.

ಹೀಗಿರುವಾಗ ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆಯಿಂದ ಇಪ್ಪತ್ತನಾಲ್ಕು ಜನರ ಪಟ್ಟಿ ಬಂತು. ಕಿವಿಯಮ್ಮ ಹಲಗೆಯ ಮೇಲಿಂದ ಕತ್ತು ಚಾಚಿ ಮೆಲ್ಲಗೆ ಹೇಳಿದಳು, ‘ಅಣ್ಣ, ಇದರಲ್ಲಿ ನಮ್ಮಕ್ಕ ಇದಾಳೆ.’

ಅಕ್ಕನನ್ನು ನಾನು ಒಂದೆರಡು ಸಲ ನೋಡಿದ್ದೆ. ಅಕ್ಕ ಕೆಳಮನೆ, ತಂಗಿ ಮೇಲ್ಮನೆ, ಒಂದೇ ಮೆಟ್ಟಿಲು. ಇಪ್ಪತ್ತೆರಡು ವರ್ಷ ಒಂದೇ ಯಂತ್ರದ ಮುಂದೆ ನಿಂತವಳು. ಶಬ್ದ ಕೇಳಿಯೇ ಅಚ್ಚು ಸಡಿಲವಾಗಿದೆ ಎಂದು ಹೇಳುತ್ತಿದ್ದಳಂತೆ, ರಿಪೇರಿಯವರು ಆಮೇಲೆ ಬಂದು ಹೌದು ಎನ್ನುತ್ತಿದ್ದರಂತೆ. ಅಕ್ಕತಂಗಿಯರಿಬ್ಬರದೂ ಕಿವಿಯ ಕಸುಬೇ. ಬೆರಳು ಒಳಗೆ ಹೋಗದಂತೆ ಯಂತ್ರಕ್ಕೆ ಇರಬೇಕಾದ ಜಾಲರಿ ಮುರಿದು ಆರು ತಿಂಗಳಾಗಿತ್ತು. ಪಕ್ಕದ ಯಂತ್ರದವಳ ಎರಡು ಬೆರಳು ಹೋದವು. ಓಡಿಹೋಗಿ ಯಂತ್ರ ನಿಲ್ಲಿಸಿದವಳೂ, ಕೈಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅಕ್ಕನೇ. ಮರುದಿನ ಅವಳನ್ನೂ ಯಂತ್ರದಿಂದ ಇಳಿಸಿ ಪ್ಯಾಕಿಂಗಿಗೆ ಹಾಕಿದರು. ‘ಅಷ್ಟು ವರ್ಷ ಮುಚ್ಚಳ ಒತ್ತಿದ ಕೈಗೆ ಈಗ ಚೀಟಿ ಅಂಟಿಸೋ ಕೆಲಸ ಕೊಟ್ಟಿದಾರೆ ಕಣೇ, ಅಂಟು ಕೈ ಬಿಡಲ್ಲ, ನಿದ್ದೆ ಬರಲ್ಲ’ ಎನ್ನುತ್ತಿದ್ದಳಂತೆ. ಅವಳಿಗೆ ಬೇಕಾಗಿದ್ದದ್ದು ಒಂದೇ, ತನ್ನ ಯಂತ್ರ.

ಸಂಬಂಧಿಕರ ಮಾತನ್ನು ಟೈಪ್ ಮಾಡಬಾರದೆಂಬ ನಿಯಮವೇನೂ ನಮ್ಮಲ್ಲಿರಲಿಲ್ಲ, ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಅಕ್ಕನಿಗೆ ಏಳನೇ ನಂಬರು ಸಿಕ್ಕಿತು. ಅವತ್ತು ಕಿವಿಯಮ್ಮ ಟೈಪ್ ಮಾಡುತ್ತ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆದರೆ ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ. ಅದರಲ್ಲಿದ್ದದ್ದು ಇಷ್ಟು: ‘ಆ ಶಬ್ದ ಇನ್ನೂ ಕಿವೀಲಿದೆ. (ಮೌನ, ಹನ್ನೊಂದು ಸೆಕೆಂಡು.) ಭಯ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಭಯಕ್ಕಿಂತ ಸಿಟ್ಟು ಬಂತು. ಜಾಲರಿ ಹಾಕಿ ಅಂತ ಮೂರು ಸಲ ಹೇಳಿದ್ದೆ. ಹಾಕಿ, ನಾಳೇನೇ ಹೋಗಿ ನಿಲ್ತೀನಿ.’

ತಪ್ಪು ನಡೆದದ್ದು ಮುದ್ರೆ ಒತ್ತುವಾಗ. ಆರು ವರ್ಷವೂ ಕಾರ್ಖಾನೆಗಳು ಗಂಡಸರನ್ನೇ ಮೊದಲು ಕಳಿಸುತ್ತಿದ್ದವು, ಹೆಂಗಸರನ್ನು ಆಮೇಲೆ. ಹಾಗಾಗಿ ಎಲ್ಲ ಟೈಪಾದ ಮೇಲೆ ಕಿವಿಯಮ್ಮ ಕಟ್ಟುಗಳನ್ನು ಸಾಲಾಗಿ ಜೋಡಿಸಿ ಮೊದಲರ್ಧಕ್ಕೆ ಟಪಟಪ ಗಂ, ಮಿಕ್ಕರ್ಧಕ್ಕೆ ಟಪಟಪ ಹೆಂ ಎಂದು ಒತ್ತಿಬಿಡುತ್ತಿದ್ದಳು. ಈ ಸಲ ಗಂಡಸರ ಪಾಳಿ ಬದಲಾಗಿ ಕಾರ್ಖಾನೆಯವರು ಹೆಂಗಸರನ್ನೇ ಮೊದಲು ಕಳಿಸಿದ್ದರು. ಕೈಗೆ ಅದು ನೆನಪಾಗಲಿಲ್ಲ. ಹನ್ನೆರಡು ಹೆಂಗಸರು ಗಂಡಸರಾಗಿ, ಹನ್ನೆರಡು ಗಂಡಸರು ಹೆಂಗಸರಾಗಿ ಮಹಡಿ ಹತ್ತಿದರು.

ಮೂರು ವಾರದ ಮೇಲೆ ಅಂಕ ಬಂತು. ಏಳನೇ ನಂಬರಿಗೆ ಎಂಟು. ಕಿವಿಯಮ್ಮ ಕಾರ್ಖಾನೆಗೆ ಹೋಗುವ ಪತ್ರ ಟೈಪ್ ಮಾಡುತ್ತ ಅಕ್ಕನ ಹೆಸರು ಬಂದಾಗ ಹಲಗೆಗೆ ಕೈಯಿಂದ ಬಡಿದಳು, ನನ್ನ ಲೋಟ ಉರುಳಿತು. ಸೋಮವಾರ ಅಕ್ಕ ಯಂತ್ರಕ್ಕೆ ಮರಳಿದಳು. ಜಾಲರಿಯನ್ನೂ ಹಾಕಿದ್ದರಂತೆ.

ಬುಧವಾರ ವರದಿಯ ಪಟ್ಟಿ ಟೈಪಿಗೆ ಬಂತು. ಗಂಡಸರು ಹನ್ನೆರಡರಲ್ಲಿ ಒಂಬತ್ತು ಜನ ಯೋಗ್ಯರು, ಹೆಂಗಸರು ಹನ್ನೆರಡರಲ್ಲಿ ಇಬ್ಬರು. ಕಿವಿಯಮ್ಮ ಕೀಲಿಗಳಿಂದ ಕೈ ತೆಗೆದಳು. ತಾನು ಮೊನ್ನೆ ಟೈಪ್ ಮಾಡಿದ ಪತ್ರದಲ್ಲಿ ಯಂತ್ರಕ್ಕೆ ಮರಳುವವರ ಪಟ್ಟಿಯ ಮೊದಲ ಒಂಬತ್ತು ಹೆಸರು ಇದ್ದವಲ್ಲ, ಅವೆಲ್ಲ ಹೆಂಗಸರ ಹೆಸರಲ್ಲವೇ? ಡ್ರಾಯರಿನ ಬೀಗ ತೆಗೆದು ಪುಸ್ತಕ ನೋಡಿದಳು. ಆಮೇಲೆ ನನ್ನ ಕೋಣೆಗೆ ಬಂದು ಫೈಲು ಕೇಳಿದಳು.

ಇಬ್ಬರೂ ಕೂತು ಓದಿದೆವು. ಏಳನೇ ನಂಬರಿನ ಕೆಳಗೆ ಮಹಡಿಯವರು ಬರೆದಿದ್ದರು: ಮಿತಭಾಷಿ. ಭಯವನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ. ಸಿಟ್ಟಿಗೆ ಸಕಾರಣವಿದೆ. ನಾಯಕತ್ವದ ಗುಣ. ಎಂಟು. ಹತ್ತೊಂಬತ್ತನೇ ನಂಬರಿನವನೊಬ್ಬ ಗಂಡಸು, ಮೂರು ದಿನ ಊಟ ಸೇರಲಿಲ್ಲ, ಮಗುವಿನ ಪಕ್ಕ ಕೂತು ಅತ್ತುಬಿಟ್ಟೆ ಎಂದಿದ್ದ. ಅವನ ಹಾಳೆಯ ಮೂಲೆಯಲ್ಲಿ ಹೆಂ. ಕೆಳಗೆ: ಅತಿಭಾವುಕತೆ, ಯಂತ್ರದ ಬಳಿ ಬಿಡುವುದು ಅಪಾಯ. ಎರಡು.

ನನಗೆ ನಗು ಬಂತು, ಆಮೇಲೆ ನಗು ನಿಂತುಹೋಯಿತು. ‘ತಾಯಿ, ಫೈಲು ಮುಚ್ಚು. ನೀನೂ ನೋಡಿಲ್ಲ, ನಾನೂ ನೋಡಿಲ್ಲ. ಅಕ್ಕ ಮೆಷಿನ್ ಮುಂದೆ ನಿಂತಿದಾಳೆ, ನಿಂತಿರ್ಲಿ’ ಎಂದೆ.

‘ಫೇಲಾದ ಆ ಹತ್ತು ಗಂಡಸರು? ಅವರದ್ದೇನು ತಪ್ಪು ಅಣ್ಣ? ಆರು ವರ್ಷದಿಂದ ಕೂತಿರೋ ಹೆಂಗಸರು? ಅವರ ಮಾತನ್ನೆಲ್ಲ ನಾನೇ ಟೈಪ್ ಮಾಡಿದೀನಿ. ಎಲ್ಲರೂ ನಮ್ಮಕ್ಕನ ಹಾಗೇ ಮಾತಾಡಿದ್ದು. ಇದನ್ನ ದೊಡ್ಡವರಿಗೆ ತೋರಿಸಿದ್ರೆ ಸಾಕು, ಓದಿದೋರು, ಒಂದು ನಿಮಿಷದಲ್ಲಿ ಗೊತ್ತಾಗುತ್ತೆ.’

ಅವಳು ನಿಜವಾಗಿಯೂ ಹಾಗೆಂದೇ ನಂಬಿದ್ದಳು. ಮನಸ್ಸಿನ ಬಗ್ಗೆ ಇಷ್ಟು ದೊಡ್ಡ ವಿಷಯ ಕೈಗೆ ಸಿಕ್ಕಿದರೆ, ಮನಸ್ಸು ಅಳೆಯುವವರು ಖುಷಿಪಡುತ್ತಾರೆ ಎಂದು.

ದೊಡ್ಡವರ ಕೋಣೆಯ ಬಾಗಿಲು ಮುಚ್ಚಿದರೂ ಮಾತು ಕೇಳುತ್ತದೆ, ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಿವಿಯಮ್ಮ ಮೊದಲು ತನ್ನ ತಪ್ಪು ಹೇಳಿದಳು. ಆಮೇಲೆ ಎರಡೂ ಹಾಳೆ ಓದಿದಳು.

‘ಒಪ್ಪಿಕೊಂಡಿದ್ದು ಒಳ್ಳೇದಾಯ್ತು. ಈ ಬ್ಯಾಚು ಕೆಟ್ಟಿದೆ. ಮುದ್ರೆ ಸರಿ ಮಾಡಿ ಮತ್ತೆ ಮೇಲೆ ಕಳಿಸಿ’ ಎಂದರು ದೊಡ್ಡವರು.

‘ಸರ್, ಬ್ಯಾಚು ಕೆಟ್ಟಿಲ್ಲ. ಮಾತು ಅದೇ ಇದೆ. ಮುದ್ರೆ ಬದಲಾದ್ರೆ ಅಂಕ ಬದಲಾಗ್ತಿದೆ. ಮುದ್ರೆ ತೆಗೆದು ಒಂದು ಸಲ ಅಂಕ ಹಾಕ್ಸಿ ನೋಡಿ ಸರ್.’

‘ಮಾತು ಒಂದೇ ಇರಬಹುದಮ್ಮ, ಮನಸ್ಸು ಬೇರೆ. ಅದೇ ನಮ್ಮ ಸಂಶೋಧನೆ.’ ಸ್ವಲ್ಪ ಹೊತ್ತು ಹಾಳೆ ತಿರುವುವ ಸದ್ದು. ‘ಈ ಏಳನೇ ನಂಬರು ಯಾರು?’

‘ನಮ್ಮಕ್ಕ ಸರ್.’

‘ಓಹೋ.’

‘ಅಕ್ಕನಿಗೋಸ್ಕರ ಮಾಡಿದ್ರೆ ನಾನೇ ಬಂದು ಹೇಳ್ತಿದ್ನಾ ಸರ್?’ ಆಗ ಅವಳ ಧ್ವನಿ ಒಂದು ಮೆಟ್ಟಿಲು ಏರಿತ್ತು. ಒಂದೇ ಮೆಟ್ಟಿಲು, ನಾನೇ ಸಾಕ್ಷಿ.

‘ನೋಡಿ, ಉದ್ವೇಗಕ್ಕೆ ಒಳಗಾಗಬೇಡಿ. ಹೋಗಿ, ನೀರು ಕುಡೀರಿ.’

ಸಂಜೆಗೆ ಅವಳಿಗೆ ಮೆಮೊ ಬಂತು. ಅಜಾಗರೂಕತೆ ಒಂದು, ಹಿರಿಯರ ಎದುರು ಭಾವಾವೇಶದಿಂದ ವರ್ತಿಸಿದ್ದು ಇನ್ನೊಂದು. ಮೆಮೊ ಟೈಪ್ ಮಾಡಲು ನಮ್ಮಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಕರಡು ಅವಳ ಮೇಜಿಗೇ ಬಂದಿತ್ತು. ಅವಳು ಟೈಪ್ ಮಾಡಿ, ತಾನೇ ತೆಗೆದುಕೊಂಡು, ತಲುಪಿದೆ ಎಂದು ಸಹಿಯನ್ನೂ ಹಾಕಿದಳು.

ಕಾರ್ಖಾನೆಗೆ ಎರಡನೇ ಪತ್ರ ಹೋಯಿತು, ಮೊದಲ ಪತ್ರ ರದ್ದು. ಶುಕ್ರವಾರ ಅಕ್ಕನನ್ನು ಅರ್ಧ ಪಾಳಿಯಲ್ಲಿ, ಯಂತ್ರ ಓಡುತ್ತಿದ್ದ ಹಾಗೇ, ಹೆಗಲು ತಟ್ಟಿ ಇಳಿಸಿದರಂತೆ. ಅವತ್ತು ಸಂಜೆ ಮೆಟ್ಟಿಲ ಮೇಲೆ ಅಕ್ಕತಂಗಿಯರ ನಡುವೆ ನಡೆದ ಮಾತನ್ನು ಕಿವಿಯಮ್ಮ ನನಗೆ ಹೇಳಿದ್ದು ಹದಿನೈದು ದಿನದ ಮೇಲೆ.

‘ಸತ್ಯ ಹೇಳ್ಬೇಕಿತ್ತು, ಸರಿ’ ಎಂದಿದ್ದಳು ಅಕ್ಕ. ‘ನನ್ನ ಮೆಷಿನ್ ಅಡ ಇಟ್ಟು ಹೇಳ್ಬೇಕಿತ್ತೇನೇ? ಒಂದು ಮಾತು ನನ್ನ ಕೇಳಿದ್ಯಾ?’

‘ಕೇಳಿದ್ರೆ ಬೇಡ ಅಂತಿದ್ದೆ ನೀನು.’

‘ಬೇಡ ಅಂತಾನೇ ಅಂತಿದ್ದೆ. ಐದು ದಿನ ನಿಂತಿದ್ದೆ ಕಣೇ. ಐದೇ ದಿನ.’ ಬಾಗಿಲು ಹಾಕಿಕೊಂಡಳು. ಅಲ್ಲಿಂದಾಚೆ ಮಾತು ಬಿಟ್ಟಳು. ಮೆಟ್ಟಿಲ ಮೇಲೆ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳಂತೆ, ಬಾಡಿಗೆಯವರಿಗೆ ಬಿಟ್ಟ ಹಾಗೆ. ಅದನ್ನು ಹೇಳುವಾಗ ಕಿವಿಯಮ್ಮ ಅತ್ತಳು. ನನಗೆ ಸಮಾಧಾನ ಹೇಳುವುದಕ್ಕೆ ಬರುವುದಿಲ್ಲ, ಹಲಗೆಯ ಮೇಲಿಂದ ನೀರಿನ ಬಾಟಲಿ ಕೊಟ್ಟೆ. ಕೊಟ್ಟ ಮೇಲೆ ದೊಡ್ಡವರೂ ನೀರು ಕುಡೀರಿ ಅಂದದ್ದು ನೆನಪಾಗಿ ನಾಚಿಕೆಯಾಯಿತು.

ಮತ್ತೆ ಅಂಕಕ್ಕೆ ಹೋಗಿದ್ದ ಹಾಳೆಗಳು ಕೆಳಗೆ ಬಂದವು. ತಿಂಗಳಿಗೆ ನೂರಾರು ಓದುವ ಮಹಡಿಯವರಿಗೆ ಇದನ್ನು ಒಮ್ಮೆ ಓದಿದ ನೆನಪೂ ಬಂದಿರಲಿಲ್ಲ. ಏಳನೇ ನಂಬರು, ಹೆಂ. ಮೌನದಲ್ಲಿ ಏನನ್ನೋ ಮುಚ್ಚಿಡುವ ಪ್ರವೃತ್ತಿ. ಭಯ ಹೋಗಿಲ್ಲ. ಮೇಲಿನವರ ಮೇಲೆ ಅಕಾರಣ ಸಿಟ್ಟು. ಮೂರು. ಹತ್ತೊಂಬತ್ತನೇ ನಂಬರು, ಗಂ. ಸಂವೇದನಾಶೀಲ, ಕುಟುಂಬವತ್ಸಲ. ಏಳು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ. ಹನ್ನೊಂದು ಸೆಕೆಂಡಿನ ಅದೇ ಮೌನ. ಅದೇ ಜಾಲರಿ. ಮಹಡಿಯವರ ಮೇಲೆ ಎದ್ದ ಸಿಟ್ಟು, ಇದೇ ಹಾಳೆಗಳನ್ನು ಆರು ವರ್ಷ ಮಡಿಸಿ ಕಪಾಟಿಗೆ ತುರುಕಿದ ನನ್ನ ಮೇಲೂ ತಿರುಗಿತು. ಎರಡೂ ಕಟ್ಟು ಹಿಡಿದು ನೆಟ್ಟಗೆ ದೊಡ್ಡವರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಲಿಲ್ಲ. ಕಟ್ಟುಗಳನ್ನು ಮೇಜಿನ ಮೇಲೆ ಎತ್ತಿ ಹಾಕಿದೆ, ಅವರ ಪೆನ್ನಿನ ಡಬ್ಬಿ ನೆಲಕ್ಕೆ ಬಿತ್ತು.

‘ಏನ್ರೀ ಸರ್ ಇದು? ಕಣ್ಣಿದೆಯೋ ಇಲ್ಲವೋ ಮೇಲೆ ಕೂತೋರಿಗೆ? ಮಾತು ಅದೇ ಇದೆ, ಮುದ್ರೆ ಬದಲಾದ್ರೆ ಅಂಕ ಬದಲಾಗುತ್ತಾ? ಮುದ್ರೆ ಕಿತ್ತು ಬಿಸಾಕಿ ಒಂದು ಸಲ ಅಂಕ ಹಾಕ್ಸಿ, ನಿಮ್ಮ ಸಂಶೋಧನೆ ಎಲ್ಲಿ ನಿಲ್ಲುತ್ತೆ ನೋಡೋಣ!’

ನನ್ನ ಧ್ವನಿ ಕಾಂಪೌಂಡಿನ ತನಕ ಕೇಳಿತ್ತಂತೆ. ಕೆಲಸ ಹೋದರೆ ಹೋಗಲಿ ಎಂದೇ ಹೋಗಿದ್ದೆ.

ದೊಡ್ಡವರು ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟರು. ‘ಕೂತ್ಕೊಳ್ಳಿ’ ಎಂದರು. ಚಹಾ ತರಿಸಿದರು. ಹಾಳೆಗಳನ್ನು ಎರಡು ಸಲ ಓದಿದರು. ‘ಇಷ್ಟು ವರ್ಷ ಒಂದು ಮಾತಾಡದ ಮನುಷ್ಯ ಇಷ್ಟು ಸಿಟ್ಟಾಗಿದೀರಿ ಅಂದ್ರೆ ಇದರಲ್ಲಿ ಏನೋ ಇದೆ. ನಿಮ್ಮಂಥ ನೇರ ಮನುಷ್ಯರು ಬೇಕು ನಮಗೆ. ಒಂದು ಟಿಪ್ಪಣಿ ಬರೆದು ಕೊಡಿ’ ಎಂದರು.

ನನ್ನ ದಡ್ಡತನ ಕೇಳಿ. ನಾನು ಉಬ್ಬಿಹೋದೆ. ಗೆದ್ದೆ ಎಂದುಕೊಂಡು ಓಡೋಡಿ ಬಂದು ಹಲಗೆಯ ಮೇಲಿಂದ, ‘ಒಪ್ಪಿದ್ರು ಕಣಮ್ಮ! ಬರೆದು ಕೊಡಿ ಅಂದ್ರು!’ ಎಂದೆ.

ಕಿವಿಯಮ್ಮ ಹೆಡ್‌ಫೋನ್ ತೆಗೆದಳು. ‘ನೀವೇನು ಹೇಳಿದ್ರಿ ಅಣ್ಣ?’

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಬಾಯಿ ತಾನಾಗಿ ನಿಧಾನವಾಯಿತು. ಅವಳ ಮಾತನ್ನೇ ಬೈಗುಳ ಸೇರಿಸಿ ಹೇಳಿದ್ದೆ, ಬೇರೇನಿಲ್ಲ. ಅವಳು ಹೊಸ ಹಾಳೆ ತೆರೆದಳು. ‘ಹೇಳಿ, ಟೈಪ್ ಮಾಡ್ತೀನಿ’ ಎಂದಳು. ನನಗೆ ಹೇಳಲು ಬರಲಿಲ್ಲ. ಪೂರ್ತಿ ಅವಳೇ ಬರೆದಳು, ಆರು ವರ್ಷದ ಲೆಕ್ಕ ಸಮೇತ. ಕೆಳಗೆ ನನ್ನ ಹೆಸರು ಹಾಕಿದ್ದಳು. ‘ನಿನ್ನ ಹೆಸರೂ ಹಾಕಮ್ಮ’ ಎಂದೆ.

‘ನನ್ನ ಹೆಸರಿದ್ರೆ ಅಕ್ಕನಿಗೆ ಮೆಷಿನ್ ಸಿಗಲ್ಲ. ಸಹಿ ಹಾಕಿ’ ಎಂದಳು. ನಾನು ಹಾಕಿದೆ.

ಐದು ವಾರ ಹಿಡಿಯಿತು. ಹೊರಗಿನಿಂದ ಬಂದ ಬೇರೆ ಮೂವರು ಮುದ್ರೆಯಿಲ್ಲದ ಹಾಳೆಗೆ ಅಂಕ ಹಾಕಿದರು. ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮಸಮ. ಏಳನೇ ನಂಬರಿಗೆ ಎಂಟು, ಹತ್ತೊಂಬತ್ತಕ್ಕೂ ಎಂಟು. ಅಕ್ಕ ಯಂತ್ರಕ್ಕೆ ಮರಳಿದಳು. ತಂಗಿಯ ಜೊತೆ ಒಂದೆರಡು ಮಾತು ಶುರುವಾಗಿದೆಯಂತೆ, ನೀರು ಬಂತಾ, ಕರೆಂಟ್ ಹೋಯ್ತಾ, ಅಷ್ಟು. ಹಿಂದಿನ ಆರು ವರ್ಷದ ಹೆಂಗಸರ ಹಾಳೆಗಳನ್ನು ಮತ್ತೆ ನೋಡುವ ಬಗ್ಗೆ ಸಮಿತಿ ಮಾಡುತ್ತೇವೆ ಎಂದಿದ್ದಾರೆ. ನರಿ ಕೂಗು ಗಿರಿ ಮುಟ್ಟೀತೇ, ಕಾದು ನೋಡಬೇಕು.

ಮೊನ್ನೆ ಸಂಸ್ಥೆಯ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಸಭೆಯ ನಡವಳಿ ಇವತ್ತು ಫೈಲಿಗೆ ಬಂತು, ಕಿವಿಯಮ್ಮನೇ ಟೈಪ್ ಮಾಡಿದ್ದು. ನಾಲ್ಕನೇ ಸಾಲು ಹೀಗಿದೆ: ಬೆರಳಚ್ಚುಗಾರ್ತಿಯ ಅಜಾಗರೂಕತೆಯಿಂದ ಉಂಟಾದ ಗೊಂದಲದಲ್ಲಿ ದಾಖಲೆ ಕೋಣೆಯವರು ಮಹತ್ವದ ಅಂಶವೊಂದನ್ನು ಪತ್ತೆಹಚ್ಚಿದರು.

ಓದಿ ನನ್ನ ಕಿವಿ ಕೆಂಪಾಯಿತು. ‘ಇದನ್ನ ನೀನೇ ಟೈಪ್ ಮಾಡಿದ್ಯಾ? ಇರು, ಈಗಲೇ ಹೋಗಿ ಕೇಳ್ತೀನಿ, ಏನಂದ್ಕೊಂಡಿದಾರೆ ಇವರು’ ಎಂದು ಕುರ್ಚಿ ತಳ್ಳಿ ಎದ್ದೆ.

‘ಬೇಡ ಅಣ್ಣ, ಕೂತ್ಕೊಳ್ಳಿ’ ಎಂದಳು ಕಿವಿಯಮ್ಮ. ‘ನೀವು ಹೋಗಿ ಕೂಗಾಡಿದ್ರೆ ಅದಕ್ಕೂ ನಿಮ್ಮನ್ನೇ ಹೊಗಳ್ತಾರೆ.’